ಹಂಟರ್ ಸೆಮಿಲಾನ್: ಮೊದಲು ಬಾಟಲಿಯ ವರ್ಷ ನೋಡಿ, ಆಮೇಲೆ ಅಡುಗೆ ಯೋಚಿಸಿ

ನಾವು ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ಗೆ ಬಂದ ಎರಡನೇ ವರ್ಷ. ಪಕ್ಕದ ಮನೆಯ ಅಜ್ಜ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದಿದ್ದರು. ಹಿತ್ತಿಲಿನ ಮೇಜಿನ ಮೇಲೆ ನನ್ನ ಮುಂದೆ ಎರಡು ಗ್ಲಾಸ್ ವೈನ್ ಇಟ್ಟರು. ಒಂದರಲ್ಲಿದ್ದದ್ದು ಹೆಚ್ಚುಕಮ್ಮಿ ನೀರಿನ ಬಣ್ಣ, ಅಂಚಿನಲ್ಲಿ ಚೂರೇ ಚೂರು ಹಸಿರು. ಇನ್ನೊಂದು ಎಳ್ಳೆಣ್ಣೆಯ ಹಾಗೆ ಹೊಂಬಣ್ಣ. ಮೊದಲನೆಯದನ್ನು ಮೂಸಿದರೆ ಆಗ ತಾನೇ ಹೆಚ್ಚಿದ ನಿಂಬೆಹಣ್ಣು. ಎರಡನೆಯದನ್ನು ಮೂಸಿದರೆ ಬೆಣ್ಣೆ ಹಚ್ಚಿ ಸುಟ್ಟ ಬ್ರೆಡ್ಡು, ಜೇನುತುಪ್ಪ. "ಏನು ವ್ಯತ್ಯಾಸ, ಹೇಳು ನೋಡೋಣ" ಅಂದರು ಅಜ್ಜ. ಎರಡನೆಯದು ಬೇರೆ ದ್ರಾಕ್ಷಿಯದು, ಓಕ್ ಮರದ ಪೀಪಾಯಿಯಲ್ಲಿ ಇಟ್ಟಿದ್ದು ಅಂದೆ. ಅಜ್ಜ ಇಲ್ಲ ಅಂತ ತಲೆ ಅಲ್ಲಾಡಿಸಿದರು. ಎರಡೂ ಹಂಟರ್ ಕಣಿವೆಯ ಸೆಮಿಲಾನ್, ಅಂದರೆ ಸೆಮಿಲಾನ್ ಅನ್ನೋ ದ್ರಾಕ್ಷಿಯಿಂದ ಮಾಡಿದ ಬಿಳಿ ವೈನ್. ಎರಡೂ ಒಂದೇ ತೋಟದ್ದು. ಎರಡಕ್ಕೂ ಮರ ಸೋಕಿಯೇ ಇಲ್ಲ. ಒಂದಕ್ಕೆ 2 ವರ್ಷ, ಇನ್ನೊಂದಕ್ಕೆ 11 ವರ್ಷ. ಅಷ್ಟೇ ವ್ಯತ್ಯಾಸ.

ಆವತ್ತು ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ. ಆಮೇಲೆ ಮೂರು ವರ್ಷ ಶನಿವಾರ, ಭಾನುವಾರ ಹಂಟರ್ ಕಣಿವೆಯ ಪೊಕೋಲ್ಬಿನ್‌ನ ಒಂದು ಸೆಲ್ಲರ್ ಡೋರ್‌ನಲ್ಲಿ ಕೆಲಸ ಮಾಡಿದೆ. ಸೆಲ್ಲರ್ ಡೋರ್ ಅಂದರೆ ವೈನ್ ಮಾಡುವವರೇ ಬಂದವರಿಗೆ ರುಚಿ ತೋರಿಸಿ ಮಾರುವ ಜಾಗ. ಅಲ್ಲಿ ಜನ ಅತಿ ಹೆಚ್ಚು ಕೇಳುತ್ತಿದ್ದ ಪ್ರಶ್ನೆ "ಇದರ ಜೊತೆ ಏನು ತಿನ್ನಬೇಕು?" ಅನ್ನೋದು. ನನ್ನ ಉತ್ತರ ಆಗಲೂ ಇದೇ, ಈಗಲೂ ಇದೇ. ಮೊದಲು ಬಾಟಲಿಯ ಮೇಲಿನ ವರ್ಷ, ಅಂದರೆ ದ್ರಾಕ್ಷಿ ಕೊಯ್ದ ವರ್ಷ ನೋಡಿ. ಎಳೆಯ ಸೆಮಿಲಾನ್‌ಗೆ ಹೊಂದುವ ಊಟ ಬೇರೆ, ಹಳೆಯದಕ್ಕೆ ಹೊಂದುವ ಊಟ ಬೇರೆ. "ಸೆಮಿಲಾನ್ ಮೀನಿಗೆ ಚೆನ್ನಾಗಿರುತ್ತೆ" ಅನ್ನೋ ಮಾತು ಅರ್ಧ ಮಾತ್ರ ನಿಜ.

ಅಂದ ಹಾಗೆ, ಫ್ರೆಂಚರು ಇದನ್ನು "ಸೆಮಿಯೋನ್" ಅನ್ನುತ್ತಾರೆ. ದ್ರಾಕ್ಷಿ ಮೂಲತಃ ಫ್ರಾನ್ಸಿನ ಬೋರ್ಡೋ ಕಡೆಯದು. ಹಂಟರ್‌ನಲ್ಲಿ ಎಲ್ಲರೂ ಲಕಾರ ಒತ್ತಿ "ಸೆಮಿಲಾನ್" ಅಂತಲೇ ಹೇಳುತ್ತಾರೆ. ನೀವೂ ಹಾಗೇ ಹೇಳಿ, ಸಂಕೋಚ ಬೇಡ.

ಈ ವೈನ್ ಯಾಕೆ ಹೀಗಿದೆ

ಹಂಟರ್ ಕಣಿವೆ ಸಿಡ್ನಿಯಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆ. ನ್ಯೂಕ್ಯಾಸಲ್‌ನಿಂದ ನಮಗೆ ಒಂದು ಗಂಟೆಯೂ ಬೇಡ. ಆಸ್ಟ್ರೇಲಿಯಾದ ಹಳೆಯ ವೈನ್ ಸೀಮೆಗಳಲ್ಲಿ ಇದೂ ಒಂದು. ಜೇಮ್ಸ್ ಬಸ್ಬಿ ಅನ್ನುವವರು ಫ್ರಾನ್ಸ್ ಮತ್ತು ಸ್ಪೇನ್ ಸುತ್ತಿ ಸಂಗ್ರಹಿಸಿದ ನೂರಾರು ಬಗೆಯ ಬಳ್ಳಿಗಳು 1832ರಲ್ಲಿ ಸಿಡ್ನಿ ಮುಟ್ಟಿದವು. ಹಂಟರ್‌ನ ತೋಟಗಳಿಗೂ ಆ ಸಂಗ್ರಹದ ಬಳ್ಳಿಗಳು ಬಂದವು. ವೈನ್ ಮಾಡುವ ಟಿರೆಲ್ಸ್ ಮನೆತನ 1858ರಿಂದ ಇಲ್ಲೇ ಇದೆ. ಮಾರಿಸ್ ಓಶೇ ಅನ್ನೋ ವೈನ್ ತಯಾರಕರು 1946ರಲ್ಲಿ ನೆಟ್ಟ ಲವ್‌ಡೇಲ್ ತೋಟದಿಂದ ಮೌಂಟ್ ಪ್ಲೆಸೆಂಟ್‌ನವರು ಇವತ್ತಿಗೂ ಸೆಮಿಲಾನ್ ಮಾಡುತ್ತಾರೆ.

ನಿಜ ಹೇಳಬೇಕಂದರೆ ಹಂಟರ್ ಬಿಳಿ ವೈನ್‌ಗೆ ಹೇಳಿ ಮಾಡಿಸಿದ ಜಾಗವೇನಲ್ಲ. ಬೇಸಿಗೆ ಸುಡುತ್ತದೆ, ಗಾಳಿಯಲ್ಲಿ ತೇವ ಜಾಸ್ತಿ. ಹಣ್ಣು ಮಾಗುವ ಹೊತ್ತಿಗೆ ಸರಿಯಾಗಿ ಮಳೆ ಬರುತ್ತದೆ. ಹಾಗಾಗಿ ಇಲ್ಲಿನವರು ಸೆಮಿಲಾನ್ ದ್ರಾಕ್ಷಿಯನ್ನು ಬೇಗ ಕೊಯ್ಯುತ್ತಾರೆ, ಸಾಮಾನ್ಯವಾಗಿ ಜನವರಿಯಲ್ಲಿ. ಆಗ ಹಣ್ಣಿನಲ್ಲಿ ಸಕ್ಕರೆ ಕಡಿಮೆ, ಹುಳಿ ಜಾಸ್ತಿ. ಆ ಸಕ್ಕರೆಯೇ ತಾನೇ ಮುಂದೆ ಆಲ್ಕೋಹಾಲ್ ಆಗೋದು? ಅದಕ್ಕೇ ಈ ವೈನ್‌ನಲ್ಲಿ ಆಲ್ಕೋಹಾಲ್ ಶೇ. 10ರಿಂದ 11.5ರ ಆಸುಪಾಸು ಮಾತ್ರ. ರಸವನ್ನು ಸ್ಟೀಲ್ ಟ್ಯಾಂಕಿನಲ್ಲಿ ತಣ್ಣಗೆ ಹುದುಗಿಸಿ, ಕೆಲವೇ ತಿಂಗಳಲ್ಲಿ ಬಾಟಲಿಗೆ ತುಂಬುತ್ತಾರೆ. ಮರದ ಪೀಪಾಯಿ ಇಲ್ಲ, ಬೆಣ್ಣೆಯಂಥ ರುಚಿ ತರಿಸುವ ಬೇರೆ ಯಾವ ಉಪಾಯವೂ ಇಲ್ಲ.

ಮುಂದಿನ ಕೆಲಸವೆಲ್ಲ ಬಾಟಲಿಯೊಳಗೆ. ಆ ಹುಳಿಯೇ ವೈನನ್ನು ವರ್ಷಗಟ್ಟಲೆ ಕಾಪಾಡುತ್ತದೆ. ಮುಚ್ಚಿದ ಬಾಟಲಿಯಲ್ಲಿ ನಿಧಾನವಾಗಿ ಅದರ ವಾಸನೆ ಬದಲಾಗುತ್ತಾ ಹೋಗಿ, ಸುಟ್ಟ ಬ್ರೆಡ್ಡು, ಜೇನು, ಹುರಿದ ಬೀಜಗಳ ಪರಿಮಳ ಬರುತ್ತದೆ. ಮಾವಿನಕಾಯಿ ಉಪ್ಪಿನಲ್ಲಿ ಕೂತು ಕೂತು ಬೇರೆಯದೇ ಆಗುತ್ತದಲ್ಲ, ನನಗೆ ಪ್ರತಿ ಸಲ ಅದೇ ನೆನಪಾಗುತ್ತದೆ.

ಅಂಗಡಿಯಲ್ಲಿ ಏನು ನೋಡಬೇಕು

ಲೇಬಲ್ ಮೇಲೆ "ಹಂಟರ್ ವ್ಯಾಲಿ" ಅಂತಲೂ "ಸೆಮಿಲಾನ್" ಅಂತಲೂ ಎರಡೂ ಇರಲಿ. ಆಸ್ಟ್ರೇಲಿಯಾದ ನಿಯಮದ ಪ್ರಕಾರ ಸೀಮೆ, ದ್ರಾಕ್ಷಿ, ವರ್ಷ, ಇವುಗಳಲ್ಲಿ ಯಾವುದನ್ನು ಲೇಬಲ್ ಮೇಲೆ ಬರೆದರೂ ಕನಿಷ್ಠ ಶೇ. 85 ಅದೇ ಇರಬೇಕು. "ಸೆಮಿಲಾನ್ ಸುವಿನ್ಯೋ ಬ್ಲಾಂ" ಅಂತ ಎರಡು ಹೆಸರಿದ್ದರೆ ಅದು ಮಿಶ್ರಣ. ಪಶ್ಚಿಮ ಆಸ್ಟ್ರೇಲಿಯಾದ ಮಾರ್ಗರೆಟ್ ರಿವರ್ ಕಡೆಯವರು ಅದನ್ನು ಚೆನ್ನಾಗಿ ಮಾಡುತ್ತಾರೆ. ಆದರೆ ನಾನಿಲ್ಲಿ ಹೇಳುತ್ತಿರೋದು ಆ ವೈನ್ ಬಗ್ಗೆ ಅಲ್ಲ.

ಎಳೆಯ ಸೆಮಿಲಾನ್ ಒಳ್ಳೆಯದು ಬೇಕಂದರೆ 25ರಿಂದ 35 ಡಾಲರ್ ಇಟ್ಟುಕೊಳ್ಳಿ, ಸಾಕು. ಹಳೆಯದು ಬೇಕಂದರೆ ಎರಡು ದಾರಿ. ಒಂದು, ತಯಾರಕರೇ ವರ್ಷಗಟ್ಟಲೆ ಇಟ್ಟು ಬಿಡುಗಡೆ ಮಾಡುವುದನ್ನು ಕೊಳ್ಳೋದು. ಟಿರೆಲ್ಸ್‌ನವರ ವ್ಯಾಟ್ 1 ಹಾಗೆ, ಸುಮಾರು ಐದು ವರ್ಷ ಅವರ ಹತ್ತಿರವೇ ಇದ್ದು ಆಮೇಲೆ ಅಂಗಡಿಗೆ ಬರುತ್ತದೆ. ಬೆಲೆಯೂ ಹಾಗೇ ಏರಿರುತ್ತದೆ. ಇನ್ನೊಂದು ದಾರಿ, ಎಳೆಯದನ್ನೇ ಕೊಂಡು ಮನೆಯಲ್ಲಿ ಇಡೋದು. ನನಗೆ ಎರಡನೆಯದೇ ಇಷ್ಟ. ಅದನ್ನು ಮುಂದೆ ಹೇಳುತ್ತೇನೆ.

ಸಸ್ಯಾಹಾರಿಗಳು ಹಿಂದಿನ ಲೇಬಲ್ ಓದಲೇಬೇಕು. ವೈನ್ ತಿಳಿಯಾಗಲಿ ಅಂತ ಕೆಲವರು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್ ಅಥವಾ ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಬಳಸುತ್ತಾರೆ. ಬೆಂಟೊನೈಟ್ ಅನ್ನೋ ಜೇಡಿಮಣ್ಣು ಮಾತ್ರ ಬಳಸುವವರೂ ಇದ್ದಾರೆ. "ವೀಗನ್" ಅಂತ ಬರೆದಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಸೆಲ್ಲರ್ ಡೋರ್‌ನಲ್ಲಿ ನೇರವಾಗಿ ಕೇಳಿ. ನಮ್ಮನ್ನೂ ಎಷ್ಟೋ ಜನ ಕೇಳುತ್ತಿದ್ದರು, ಯಾರೂ ತಪ್ಪು ತಿಳಿಯೋದಿಲ್ಲ. "220" ಅಂತ ಒಂದು ಸಂಖ್ಯೆ ಕಂಡರೆ ಅದು ಸಲ್ಫರ್ ಡೈಆಕ್ಸೈಡ್, ವೈನ್ ಕೆಡದಿರಲಿ ಅಂತ ಹಾಕುವ ವಸ್ತು. ಆಸ್ತಮಾ ಇರುವ ಕೆಲವರಿಗೆ ಅದು ಆಗಿಬರೋದಿಲ್ಲ.

ಎಳೆಯದಿದ್ದರೆ: ಉಪ್ಪು, ಸಮುದ್ರ, ಗರಿಗರಿ

ಕೊಯ್ಲಾಗಿ ಮೂರು ವರ್ಷದೊಳಗಿನ ಸೆಮಿಲಾನನ್ನು ನಾನು ಎಳೆಯದು ಅನ್ನುತ್ತೇನೆ. ಇದನ್ನು ವೈನ್ ಅಂತ ನೋಡಬೇಡಿ, ಊಟಕ್ಕೆ ಹಿಂಡುವ ನಿಂಬೆಹಣ್ಣು ಅಂತ ನೋಡಿ. ನಿಂಬೆ ಹಿಂಡಿದರೆ ಯಾವುದರ ರುಚಿ ಏರುತ್ತದೋ ಅದೆಲ್ಲ ಇದಕ್ಕೆ ಹೊಂದುತ್ತದೆ. ಈ ಒಂದು ಮಾತು ನೆನಪಿದ್ದರೆ ಮಿಕ್ಕಿದ್ದನ್ನು ನೀವೇ ಊಹಿಸಬಹುದು.

ಮೊದಲ ಜೋಡಿ ಆಯ್ಸ್ಟರ್ ಅನ್ನೋ ಚಿಪ್ಪುಮೀನು. ಅದರಲ್ಲೂ ಸಿಡ್ನಿ ರಾಕ್ ಆಯ್ಸ್ಟರ್. ನಮ್ಮ ಹತ್ತಿರದ ಪೋರ್ಟ್ ಸ್ಟೀಫನ್ಸ್‌ನಲ್ಲೇ ಬೆಳೆಯುತ್ತಾರೆ. ಪೆಸಿಫಿಕ್ ಆಯ್ಸ್ಟರ್ ದೊಡ್ಡದು, ತಿನ್ನಲು ಕೆನೆಕೆನೆ. ರಾಕ್ ಆಯ್ಸ್ಟರ್ ಚಿಕ್ಕದು, ಆದರೆ ರುಚಿ ನಾಲಿಗೆಯ ಮೇಲೆ ತುಂಬ ಹೊತ್ತು ನಿಲ್ಲುತ್ತದೆ. ಮೊದಲು ಉಪ್ಪು, ಆಮೇಲೆ ಸಿಹಿ, ಕೊನೆಗೆ ತಾಮ್ರದ ಚೊಂಬಿನಲ್ಲಿಟ್ಟ ನೀರಿನಂಥ ಒಂದು ರುಚಿ. ಆ ಕೊನೆಯ ರುಚಿ ಬಂದಾಗ ಒಂದು ಗುಟುಕು ಸೆಮಿಲಾನ್ ಕುಡಿದು ನೋಡಿ. ಬಾಯಿ ತೊಳೆದ ಹಾಗಾಗಿ ಇನ್ನೊಂದಕ್ಕೆ ಕೈ ಹೋಗುತ್ತದೆ.

ಸಾಧ್ಯವಾದರೆ ಚಿಪ್ಪು ಬಿಚ್ಚದ್ದನ್ನೇ ತನ್ನಿ. ದಪ್ಪ ಬಟ್ಟೆಯನ್ನು ಮಡಚಿ ಎಡಗೈಯಲ್ಲಿ ಹಿಡಿದು, ಬಟ್ಟಲಿನ ಹಾಗಿರುವ ಚಿಪ್ಪು ಕೆಳಗೆ ಬರುವಂತೆ ಇಟ್ಟುಕೊಳ್ಳಿ. ಚಿಪ್ಪಿನ ಮೊನಚು ತುದಿಯಲ್ಲಿ ಎರಡೂ ಕೂಡುವ ಕೀಲು ಇರುತ್ತದೆ. ಆಯ್ಸ್ಟರ್ ಚಾಕುವಿನ ತುದಿಯನ್ನು ಅಲ್ಲಿ ಒತ್ತಿ, ಬೀಗದ ಕೈ ತಿರುಗಿಸುವ ಹಾಗೆ ತಿರುಗಿಸಿ. ಟಕ್ ಅಂತ ಸದ್ದಾಗುತ್ತದೆ. ಮೇಲಿನ ಚಿಪ್ಪಿನ ಒಳಮೈಗೆ ಚಾಕು ಸವರಿದರೆ ಬಿಟ್ಟುಕೊಳ್ಳುತ್ತದೆ. ಒಳಗಿನ ಉಪ್ಪುನೀರು ಚೆಲ್ಲಬೇಡಿ, ನಲ್ಲಿ ನೀರಿನಲ್ಲಂತೂ ತೊಳೆಯಲೇಬೇಡಿ. ರುಚಿ ಇರೋದೇ ಅದರಲ್ಲಿ.

ಹೋದ ಬೇಸಿಗೆಯಲ್ಲಿ ಬ್ರಿಸ್ಬೇನ್‌ನಿಂದ ನಾದಿನಿ ಬಂದಿದ್ದಳು. ತಟ್ಟೆ ನೋಡಿದವಳೇ "ಅತ್ತಿಗೆ, ನಿಂಬೆಹಣ್ಣು ಎಲ್ಲಿ?" ಅಂದಳು. "ಬೇಡ ಮಾರಾಯ್ತಿ, ಗ್ಲಾಸಿನಲ್ಲೇ ಇದೆ" ಅಂದೆ. ಎಳೆಯ ಸೆಮಿಲಾನ್ ಇದ್ದಾಗ ಆಯ್ಸ್ಟರ್‌ಗೆ ನಿಂಬೆ ಹಿಂಡಬೇಡಿ. ನಿಂಬೆಯ ಹುಳಿ ವೈನ್‌ನ ಹುಳಿಯನ್ನು ಮೀರಿದರೆ ವೈನ್ ಸಪ್ಪೆಯಾಗಿಬಿಡುತ್ತದೆ. ಎಲ್ಲ ಅಡುಗೆಗೂ ಇದೇ ಅಳತೆ: ತಟ್ಟೆಯಲ್ಲಿರುವ ಹುಳಿ ಗ್ಲಾಸಿನ ಹುಳಿಗಿಂತ ಕಡಿಮೆ ಇರಬೇಕು.

ಎರಡನೆಯದು ನನ್ನ ಮನಸ್ಸಿಗೆ ತುಂಬ ಹತ್ತಿರದ್ದು. ನಾನು ಕರಾವಳಿಯವಳು, ಕಾಣೆ ಮೀನು ತಿಂದು ಬೆಳೆದವಳು. ಇಲ್ಲಿಗೆ ಬಂದ ಹೊಸದರಲ್ಲಿ ಮೀನಂಗಡಿಯಲ್ಲಿ "ಸ್ಯಾಂಡ್ ವೈಟಿಂಗ್" ಅಂತ ಬರೆದ ಮೀನನ್ನು ನೋಡಿ ನಿಂತುಬಿಟ್ಟಿದ್ದೆ. ಅದೇ ಉದ್ದ ಮೂತಿ, ಅದೇ ಬೆಳ್ಳಿ ಮೈ. ಆಮೇಲೆ ತಿಳಿಯಿತು, ಎರಡೂ ಸಿಲ್ಲಾಗೋ ಅನ್ನೋ ಒಂದೇ ಕುಲದ ಮೀನುಗಳು. ಅವತ್ತು ಮನೆಗೆ ತಂದು ರವೆ ಫ್ರೈ ಮಾಡಿದೆ. ಎಳೆಯ ಸೆಮಿಲಾನ್ ಜೊತೆ ಇದಕ್ಕಿಂತ ಒಳ್ಳೆಯ ಅಡುಗೆ ನನಗೆ ಇವತ್ತಿಗೂ ಸಿಕ್ಕಿಲ್ಲ.

ಮಾಡೋದು ಹೀಗೆ. ಮುಳ್ಳು ತೆಗೆದ ವೈಟಿಂಗ್ ಹೋಳುಗಳಿಗೆ ಉಪ್ಪು, ಅರಿಶಿನ, ಅರ್ಧ ಚಮಚ ಅಚ್ಚಖಾರದ ಪುಡಿ, ಸ್ವಲ್ಪ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಸವರಿ. ಹುಣಸೆಹಣ್ಣು ಬೇಡ. ಹುಣಸೆ ಬಿಡೋದು ಕರಾವಳಿಯವರಿಗೆ ಕಷ್ಟ ಅಂತ ಗೊತ್ತು, ಆದರೆ ಆ ಹುಳಿಯ ಜಾಗ ವೈನ್‌ಗೆ ಬಿಡಬೇಕು. ಹತ್ತು ನಿಮಿಷ ಇಟ್ಟು, ಸಣ್ಣ ರವೆಯಲ್ಲಿ ಹೊರಳಿಸಿ, ಕಾದ ಎಣ್ಣೆಯಲ್ಲಿ ಒಂದೊಂದು ಕಡೆ ಎರಡೆರಡು ನಿಮಿಷ. ಹೋಳು ತೆಳ್ಳಗಿರುತ್ತದೆ, ಅದಕ್ಕಿಂತ ಜಾಸ್ತಿ ಬೇಯಿಸಿದರೆ ನಾರಾಗುತ್ತದೆ. ಗರಿಗರಿ ರವೆ, ಬಾಯಿಗೆ ಅಂಟುವ ಎಣ್ಣೆ, ಅದನ್ನು ಕೊಯ್ದುಕೊಂಡು ಹೋಗುವ ಹುಳಿ. ಆಲ್ಕೋಹಾಲ್ ಕಡಿಮೆ ಇರೋದರಿಂದ ಆ ಚೂರು ಖಾರವೂ ಉರಿಯಾಗೋದಿಲ್ಲ. ಶೇ. 14 ಇರುವ ವೈನ್ ಕುಡಿದಿದ್ದರೆ ಅದೇ ಖಾರ ಗಂಟಲು ಸುಡುತ್ತಿತ್ತು.

ಇದೇ ಲೆಕ್ಕದಲ್ಲಿ ಫ್ಲ್ಯಾಟ್‌ಹೆಡ್ ಮೀನಿನ ಫಿಶ್ ಅಂಡ್ ಚಿಪ್ಸ್ ಕೂಡ ಚೆನ್ನಾಗಿ ಹೊಂದುತ್ತದೆ. ವಿನೆಗರ್ ಮಾತ್ರ ಸುರಿಯಬೇಡಿ. ಕ್ರಿಸ್‌ಮಸ್ ಇಲ್ಲಿ ನಡುಬೇಸಿಗೆಯಲ್ಲಿ ಬರುತ್ತದೆ. ಮನೆಮನೆಯಲ್ಲೂ ಬೇಯಿಸಿ ತಣ್ಣಗಿಟ್ಟ ಸಿಗಡಿ ರಾಶಿ ಹಾಕಿಕೊಂಡು ಸುಲಿಯುತ್ತಾ ಕೂರುತ್ತಾರೆ. ಆ ಮೇಜಿನ ಮೇಲೆ ಎಳೆಯ ಸೆಮಿಲಾನ್ ಇರಲೇಬೇಕು ಅನ್ನೋದು ನನ್ನ ಹಟ. ಕಲಮಾರಿ, ವಿಯೆಟ್ನಾಮಿ ರೈಸ್ ಪೇಪರ್ ರೋಲ್, ಪುದೀನ ಕೊತ್ತಂಬರಿ ಹಾಕಿದ ಥಾಯ್ ಸಲಾಡ್ ಎಲ್ಲವೂ ಸರಿ.

ಮೀನು ಮುಟ್ಟದವರಿಗೆ ಮೇಕೆ ಹಾಲಿನ ಮೃದು ಚೀಸ್, ಬೆಣ್ಣೆಯಲ್ಲಿ ಬಾಡಿಸಿದ ಆಸ್ಪ್ಯಾರಗಸ್, ಹಸಿ ಬಟಾಣಿ, ಜುಕಿನಿ ಬಜ್ಜಿ. ನನ್ನ ಸಸ್ಯಾಹಾರಿ ಗೆಳತಿಯೊಬ್ಬಳು ಹೆಸರುಬೇಳೆ ಕೋಸಂಬರಿ ಮಾಡಿ ಇದರ ಜೊತೆ ತಿಂದಳು. ಸೌತೆಕಾಯಿ, ಕೊತ್ತಂಬರಿ, ತೆಂಗಿನ ತುರಿ, ಇಂಗಿನ ಒಗ್ಗರಣೆ. ನಿಂಬೆರಸ ಅರ್ಧಕ್ಕೆ ಇಳಿಸಿದ್ದಳು. ನನಗೆ ಮೊದಲು ನಂಬಿಕೆ ಇರಲಿಲ್ಲ, ತಿಂದ ಮೇಲೆ ಎರಡನೇ ಸಲ ಬಡಿಸಿಕೊಂಡೆ.

ಹಳೆಯದಿದ್ದರೆ: ಬೆಣ್ಣೆ, ಹುರಿದದ್ದು, ಅಣಬೆ

ಏಳು ವರ್ಷ ದಾಟಿದ ಮೇಲೆ ಲೆಕ್ಕವೇ ಬದಲಾಗುತ್ತದೆ. ಹುಳಿ ಒಳಗೇ ಇದೆ, ಆದರೆ ಅದರ ಮೇಲೆ ಒಂದು ದಪ್ಪ ಬಂದಿದೆ. ಇದಕ್ಕೆ ಆಯ್ಸ್ಟರ್ ಕೊಟ್ಟರೆ ಎರಡೂ ಕೆಡುತ್ತವೆ. ಇದಕ್ಕೆ ಒಲೆಯ ಬಿಸಿಯಲ್ಲಿ ಕಂದು ಬಣ್ಣ ಬಂದ ಅಡುಗೆ ಬೇಕು.

ಪಕ್ಕದ ಮನೆ ಅಜ್ಜ ಆವತ್ತು ಮಾಡಿದ್ದು ಇಡೀ ಕೋಳಿ ರೋಸ್ಟ್. ಚರ್ಮದ ಕೆಳಗೆ ಬೆರಳು ತೂರಿಸಿ, ಬೆಣ್ಣೆ ಮತ್ತು ಥೈಮ್ ಸೊಪ್ಪು ತುಂಬಿದ್ದರು. ಕೋಳಿಯಿಂದ ಇಳಿದ ರಸದಲ್ಲೇ ಆಲೂಗಡ್ಡೆ ಬೆಂದಿತ್ತು. ಕೋಳಿಯ ಚರ್ಮ ಕರುಕಲಾದ ಕಡೆ ಬರುವ ಆ ರುಚಿಯೂ 11 ವರ್ಷದ ವೈನ್‌ನ ಸುಟ್ಟ ಬ್ರೆಡ್ಡಿನ ವಾಸನೆಯೂ ಒಂದೇ ಮನೆಯವರ ಹಾಗಿದ್ದವು. ಈಗಲೂ ನಾನು ಹಳೆಯ ಬಾಟಲಿ ತೆಗೆದರೆ ಅರ್ಧ ಸಲ ಕೋಳಿಯೇ.

ಮಾಂಸ ಬೇಡವೆಂದರೆ ಅಣಬೆ. ಅಗಲ ಅಣಬೆಯನ್ನು ದಪ್ಪಗೆ ಹೆಚ್ಚಿ, ಒಣ ಬಾಣಲೆಯಲ್ಲೇ ಮೊದಲು ನೀರು ಬಿಟ್ಟು ಇಂಗುವ ತನಕ ಹುರಿಯಿರಿ. ಆಮೇಲೆ ಬೆಣ್ಣೆ, ಬೆಳ್ಳುಳ್ಳಿ, ಕಾಳುಮೆಣಸು. ಸುಟ್ಟ ಬ್ರೆಡ್ಡಿನ ಮೇಲೆ ಹಾಕಿ ತಿನ್ನಿ. ಮೊದಲೇ ಬೆಣ್ಣೆ ಹಾಕಿದರೆ ಅಣಬೆ ಬೇಯುತ್ತದೆಯೇ ಹೊರತು ಕಂದಾಗೋದಿಲ್ಲ, ಕಂದಾಗದಿದ್ದರೆ ಈ ವೈನ್‌ಗೆ ಅದು ಸಾಲೋದಿಲ್ಲ. ಓವನ್‌ನಲ್ಲಿ ಸುಟ್ಟ ಕೆಂಟ್ ಕುಂಬಳಕಾಯಿ, ಮೇಲೆ ಹುರಿದ ಮಕಡೇಮಿಯಾ ಬೀಜ ಉದುರಿಸಿದರೆ ಅದೂ ತುಂಬ ಒಳ್ಳೆಯ ಜೋಡಿ. ಮಕಡೇಮಿಯಾ ಆಸ್ಟ್ರೇಲಿಯಾದ್ದೇ ಕಾಯಿ, ಅದರ ಎಣ್ಣೆಯಂಶ ಹಳೆಯ ಸೆಮಿಲಾನ್‌ಗೆ ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ ಸುಮ್ನೆ ಒಂದು ಹಿಡಿ ಹುರಿದು ಉಪ್ಪು ಹಾಕಿಟ್ಟರೂ ಸಾಕು.

ನಮ್ಮ ಅಡುಗೆಯಲ್ಲಿ ಇದಕ್ಕೆ ಹೊಂದಿದ್ದು ಖಾರ ಪೊಂಗಲ್. ತುಪ್ಪದಲ್ಲಿ ಹುರಿದ ಗೋಡಂಬಿ, ಕಾಳುಮೆಣಸು, ಜೀರಿಗೆ. ಹಳೆಯ ವೈನ್‌ನ ಒಳಗಿರುವ ಎಲ್ಲ ಪರಿಮಳಕ್ಕೂ ಅಲ್ಲಿ ಒಂದೊಂದು ನೆಂಟ ಸಿಗುತ್ತದೆ. ಜೊತೆಗೆ ಹುಳಿ ಗೊಜ್ಜು ಬಡಿಸಬೇಡಿ.

ಯಾವ ವಯಸ್ಸಿನದಕ್ಕೂ ಹೊಂದದ್ದು: ಟೊಮ್ಯಾಟೊ ಸಾಸ್ ಜಾಸ್ತಿ ಇರುವ ಅಡುಗೆ, ಕೆಂಪು ಮಾಂಸದ ಸ್ಟೇಕ್, ಬ್ಯಾಡಗಿ ಮೆಣಸಿನಕಾಯಿ ಹಾಕಿ ಗಟ್ಟಿಯಾಗಿ ಅರೆದ ಮಸಾಲೆ, ಸಿಹಿತಿಂಡಿ. ಸಿಹಿ ತಿಂದು ಇದನ್ನು ಕುಡಿದರೆ ಬರೀ ಹುಳಿನೀರು ಅನಿಸುತ್ತದೆ.

ಇನ್ನು ನಾಲ್ಕರಿಂದ ಆರು ವರ್ಷದ ನಡುವಿನದು. ನನ್ನ ಅನುಭವದಲ್ಲಿ ಇದು ಕಷ್ಟದ ವಯಸ್ಸು. ನಿಂಬೆಯ ಚುರುಕು ಇಳಿದಿರುತ್ತದೆ, ಜೇನಿನ ಪರಿಮಳ ಇನ್ನೂ ಬಂದಿರೋದಿಲ್ಲ. ಹದಿನಾಲ್ಕು ವರ್ಷದ ಹುಡುಗರ ಹಾಗೆ ಮುಖ ಕೊಟ್ಟು ಮಾತಾಡೋದಿಲ್ಲ. ತೆರೆಯಲೇಬೇಕಾದರೆ ಬೆಣ್ಣೆಯಲ್ಲಿ ಹುರಿದ ಬ್ಯಾರಮಂಡಿ ಮೀನು, ತೆಂಗಿನಹಾಲಿನ ಮೆಲು ಸ್ಟ್ಯೂ, ಇಂಥ ನಡುವಿನ ಅಡುಗೆ ಮಾಡಿ. ಕಾಯಲು ಸಾಧ್ಯವಿದ್ದರೆ ಕಾಯಿರಿ.

ಆರು ಬಾಟಲಿಯ ಲೆಕ್ಕ

ಒಂದೇ ವರ್ಷದ, ಒಂದೇ ವೈನ್‌ನ ಆರು ಬಾಟಲಿ ಕೊಳ್ಳಿ. ಎರಡನ್ನು ಈ ಬೇಸಿಗೆಯಲ್ಲೇ ಕುಡಿಯಿರಿ. ನಾಲ್ಕನ್ನು ಇಡಿ. ಒಂದನ್ನು ಏಳನೇ ವರ್ಷಕ್ಕೆ, ಒಂದನ್ನು ಹತ್ತನೇ ವರ್ಷಕ್ಕೆ ತೆಗೆಯಿರಿ. ಮಿಕ್ಕ ಎರಡು ಮನಸ್ಸಿಗೆ ಬಂದಾಗ. ಹೆಚ್ಚು ದುಡ್ಡು ಹಾಕದೆ ಈ ವೈನನ್ನು ಪೂರ್ತಿ ತಿಳಿಯಲು ಬೇರೆ ದಾರಿ ಇಲ್ಲ. ಪೆಟ್ಟಿಗೆಯ ಮೇಲೆ ಮಾರ್ಕರ್‌ನಲ್ಲಿ "2032ರ ಮೊದಲು ಮುಟ್ಟಬೇಡಿ" ಅಂತ ಬರೆದಿಡಿ. ಇಲ್ಲದಿದ್ದರೆ ಯಾರೋ ನೆಂಟರು ಬಂದ ದಿನ ಮನೆಯವರು ತೆಗೆದುಬಿಡುತ್ತಾರೆ.

ಎಲ್ಲಿ ಇಡುತ್ತೀರಿ ಅನ್ನೋದು ಬಹಳ ಮುಖ್ಯ. ನಾನು ಕೊಂಡ ಮೊದಲ ಆರು ಬಾಟಲಿಯನ್ನು ಗ್ಯಾರೇಜ್‌ನಲ್ಲಿ ಇಟ್ಟಿದ್ದೆ. ಕತ್ತಲಿದೆ, ಯಾರೂ ಮುಟ್ಟೋದಿಲ್ಲ, ಒಳ್ಳೆಯ ಜಾಗ ಅಂದುಕೊಂಡೆ. ತಗಡಿನ ಬಾಗಿಲಿನ ಗ್ಯಾರೇಜ್ ಜನವರಿಯಲ್ಲಿ ಓವನ್ ಆಗುತ್ತದೆ ಅನ್ನೋದು ಹೊಳೆಯಲಿಲ್ಲ. ಮೂರು ಬೇಸಿಗೆ ಕಳೆದು ಒಂದನ್ನು ತೆಗೆದರೆ ಬಣ್ಣ ಹತ್ತು ವರ್ಷದ್ದು, ರುಚಿ ಕುದಿಸಿದ ಸೇಬಿನದು. ಜೇನೂ ಇಲ್ಲ, ನಿಂಬೆಯೂ ಇಲ್ಲ. ಆರನ್ನೂ ಚೆಲ್ಲಬೇಕಾಯಿತು. ಆ ದಿನದ ಸಂಕಟ ಇನ್ನೂ ಮರೆತಿಲ್ಲ.

12ರಿಂದ 15 ಡಿಗ್ರಿ ಸೆಲ್ಸಿಯಸ್ ಇದ್ದು, ಏರಿಳಿತ ಇಲ್ಲದ ಜಾಗ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸಿಗದಿದ್ದರೆ ಮನೆಯ ನಡುವಿನ, ಹೊರಗೋಡೆಗೆ ತಾಗದ ಬೀರು. ನಮ್ಮ ಮನೆಯಲ್ಲಿ ಹೊದಿಕೆ, ಟವೆಲ್ ಇಡುವ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇನೆ. ಹಳೆಯ ಮರದ ಮನೆಯಾಗಿದ್ದರೆ ಮನೆಯ ಅಡಿಯ ಜಾಗವೂ ತಂಪಾಗಿರುತ್ತದೆ. ಈಗ ಬಹುಪಾಲು ಬಾಟಲಿಗೆ ಸ್ಕ್ರೂ ಕ್ಯಾಪ್ ಇರೋದರಿಂದ ಮಲಗಿಸಿಯೇ ಇಡಬೇಕು ಅಂತ ಇಲ್ಲ. ಕಾರ್ಕ್ ಇದ್ದರೆ ಮಲಗಿಸಿ. ಸ್ಕ್ರೂ ಕ್ಯಾಪ್ ಕಂಡು ಅಗ್ಗದ್ದು ಅಂದುಕೊಳ್ಳಬೇಡಿ. ಹತ್ತು ವರ್ಷ ಇಡುವ ವೈನ್‌ಗೆ ಅದೇ ನಂಬಿಕಸ್ಥ ಮುಚ್ಚಳ, ಕಾರ್ಕ್ ಕೆಟ್ಟು ಬರುವ ಮುಗ್ಗಲು ವಾಸನೆಯ ಭಯ ಇಲ್ಲ.

ಬಡಿಸೋದು, ಹೊರಗೆ ಒಯ್ಯೋದು

ಎಳೆಯದು 8ರಿಂದ 10 ಡಿಗ್ರಿಯಲ್ಲಿ ಚೆನ್ನ. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದೆ. ಹಳೆಯದನ್ನು ಅಷ್ಟು ತಣ್ಣಗೆ ಕುಡಿದರೆ ಪರಿಮಳವೇ ಏಳೋದಿಲ್ಲ. ಅರ್ಧ ಗಂಟೆ ಮೊದಲೇ ಹೊರಗಿಡಿ, ಸ್ವಲ್ಪ ದೊಡ್ಡ ಗ್ಲಾಸಿಗೆ ಹಾಕಿ, ಮೂರನೇ ಒಂದು ಭಾಗ ಮಾತ್ರ ತುಂಬಿಸಿ. ಅರ್ಧ ಗಂಟೆ ಗ್ಲಾಸಿನಲ್ಲೇ ಬಿಟ್ಟು ಮತ್ತೆ ಮೂಸಿ ನೋಡಿ, ಮೊದಲಿಗಿಂತ ಬೇರೆಯೇ ಇರುತ್ತದೆ.

ಇಲ್ಲಿನ ಎಷ್ಟೋ ಸಣ್ಣ ಹೋಟೆಲ್‌ಗಳಲ್ಲಿ ಬಿವೈಒ ಪದ್ಧತಿ ಇದೆ, ನಿಮ್ಮ ಬಾಟಲಿ ನೀವೇ ತರಬಹುದು. ಗ್ಲಾಸ್ ಕೊಟ್ಟು ತೆರೆಯಲು ಕಾರ್ಕೇಜ್ ಅಂತ ಒಂದಿಷ್ಟು ಶುಲ್ಕ ಹಾಕುತ್ತಾರೆ. ಅದು ಬಾಟಲಿಗೋ ತಲೆಗೋ ಅಂತ ಮೇಜು ಕಾದಿರಿಸುವಾಗಲೇ ಕೇಳಿ. ಥಾಯ್, ವಿಯೆಟ್ನಾಮಿ ಹೋಟೆಲ್‌ಗೆ ಎಳೆಯ ಸೆಮಿಲಾನ್ ಹಿಡಿದುಕೊಂಡು ಹೋಗೋದು ನನ್ನ ಅಭ್ಯಾಸ.

ಪೊಕೋಲ್ಬಿನ್‌ಗೆ ಹೋಗುವುದಾದರೆ ಓಡಿಸುವವರು ಯಾರು ಅಂತ ಮನೆ ಬಿಡುವ ಮುಂಚೆಯೇ ಮಾತಾಡಿಕೊಳ್ಳಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಪೂರ್ತಿ ಲೈಸೆನ್ಸ್ ಇದ್ದವರಿಗೆ ರಕ್ತದಲ್ಲಿನ ಆಲ್ಕೋಹಾಲ್ ಮಿತಿ 0.05, ಎಲ್ ಮತ್ತು ಪಿ ಪ್ಲೇಟ್‌ನವರಿಗೆ, ಅಂದರೆ ಕಲಿಯುತ್ತಿರುವವರಿಗೆ ಮತ್ತು ಹೊಸ ಚಾಲಕರಿಗೆ ಸೊನ್ನೆ. ಪೊಲೀಸರು ಯಾವಾಗ ಬೇಕಾದರೂ ನಿಲ್ಲಿಸಿ ಊದಿಸುತ್ತಾರೆ. ಸೆಲ್ಲರ್ ಡೋರ್‌ಗಳಲ್ಲಿ ರುಚಿ ನೋಡಿ ಉಗಿಯಲು ಪಾತ್ರೆ ಇಟ್ಟಿರುತ್ತಾರೆ. ಉಗಿಯೋದು ಅಲ್ಲಿ ಮರ್ಯಾದೆಗೇಡಲ್ಲ, ವೈನ್ ಮಾಡುವವರೇ ಹಾಗೆ ಮಾಡುತ್ತಾರೆ. ಬಾಟಲಿಯ ಹಿಂದೆ ಎಷ್ಟು ಸ್ಟ್ಯಾಂಡರ್ಡ್ ಡ್ರಿಂಕ್ ಅಂತ ಬರೆದಿರುತ್ತದೆ. ಒಂದು ಅಂದರೆ 10 ಗ್ರಾಂ ಆಲ್ಕೋಹಾಲ್. ಶೇ. 11ರ ಸೆಮಿಲಾನ್ 750 ಮಿ.ಲೀ. ಬಾಟಲಿಯಲ್ಲಿ ಸುಮಾರು 6.5 ಇರುತ್ತದೆ, ಶಾರ್ಡೊನೆ ಅನ್ನೋ ಇನ್ನೊಂದು ಬಿಳಿ ವೈನ್ ಶೇ. 13.5ರದ್ದಾದರೆ 8. ಇಲ್ಲಿನ ಆರೋಗ್ಯ ಸಲಹೆ ವಾರಕ್ಕೆ 10 ಸ್ಟ್ಯಾಂಡರ್ಡ್ ಡ್ರಿಂಕ್ ಮೀರಬಾರದು, ಒಂದೇ ದಿನ 4 ಮೀರಬಾರದು ಅನ್ನುತ್ತದೆ. ಬಸುರಿಯರಿಗೆ ಬೇಡವೇ ಬೇಡ.

ಎಳೆಯದು ಉಳಿದರೆ ಮುಚ್ಚಳ ಬಿಗಿಮಾಡಿ ಫ್ರಿಜ್‌ನಲ್ಲಿಡಿ, ಮೂರ್ನಾಲ್ಕು ದಿನ ಏನೂ ಆಗೋದಿಲ್ಲ. ಹಳೆಯದನ್ನು ಅದೇ ದಿನ ಮುಗಿಸಿ, ಅದಕ್ಕಾಗಿ ನಾಲ್ಕು ಜನ ಇದ್ದಾಗಲೇ ತೆಗೆಯಿರಿ. ಎಳೆಯದು ಒಂದು ಲೋಟದಷ್ಟು ಉಳಿದಿದ್ದರೆ ನಾನು ಒಂದು ಕಿಲೋ ಮಸ್ಸೆಲ್ ಚಿಪ್ಪುಮೀನು ತರುತ್ತೇನೆ. ಚಿಪ್ಪು ಉಜ್ಜಿ ತೊಳೆದು, ಅಂಚಿನ ನಾರು ಎಳೆದು ತೆಗೆದು, ದೊಡ್ಡ ಪಾತ್ರೆಯಲ್ಲಿ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಂದು ಹಸಿಮೆಣಸು ಬಾಡಿಸಿ ಅದರ ಮೇಲೆ ಹಾಕಿ, ಉಳಿದ ವೈನ್ ಸುರಿದು ಮುಚ್ಚುತ್ತೇನೆ. ಉರಿ ಜೋರಿರಲಿ. ನಾಲ್ಕೈದು ನಿಮಿಷಕ್ಕೆ ಚಿಪ್ಪುಗಳು ಒಂದೊಂದಾಗಿ ಬಾಯಿ ಬಿಡುತ್ತವೆ. ಬಿಟ್ಟವನ್ನು ಬಿಟ್ಟ ಹಾಗೇ ತಟ್ಟೆಗೆ ತೆಗೆಯಿರಿ, ತಡವಾದವಕ್ಕೆ ಇನ್ನೊಂದು ನಿಮಿಷ ಕೊಡಿ. ಪಾತ್ರೆಯ ತಳದ ರಸಕ್ಕೆ ಒಂದು ಹಿಡಿ ಕೊತ್ತಂಬರಿ ಸೊಪ್ಪು ಹಾಕಿ. ಉಪ್ಪು ಹಾಕಬೇಡಿ, ಮಸ್ಸೆಲ್ ಸಮುದ್ರದ ಉಪ್ಪನ್ನು ತಾನೇ ತಂದಿರುತ್ತದೆ. ಬ್ರೆಡ್ಡು ಹತ್ತಿರದಲ್ಲೇ ಇಟ್ಟುಕೊಂಡು ಕೂತುಕೊಳ್ಳಿ.